ಕೋರ್ಸಾ, ಹೋಮ್ ಸ್ಟುಡಿಯೋನಾ? ಸದ್ಯಕ್ಕೆ ಎರಡೂ ಬೇಡ

ಬಿ.ಕಾಂ. ಮುಗಿದಿದೆ, ಸಣ್ಣ ಕೆಲಸ ಇದೆ, ಕೂಡಿಟ್ಟ ದುಡ್ಡಿದೆ, ರೆಕಾರ್ಡಿಂಗ್ ಇಂಜಿನಿಯರ್ ಆಗಬೇಕು. ಆ ದುಡ್ಡನ್ನು ಖಾಸಗಿ ಕೋರ್ಸಿಗೆ ಕಟ್ಟಲಾ, ಮನೆಯಲ್ಲೇ ಸ್ಟುಡಿಯೋ ಮಾಡಲಾ ಅಂತ ಕೇಳಿದ್ದೀರಿ. ನನ್ನ ಉತ್ತರ: ಸದ್ಯಕ್ಕೆ ಎರಡೂ ಬೇಡ. ಯಾಕೆ ಅಂತ ಹೇಳಲು ನನ್ನ ಕಥೆಯನ್ನೇ ಹೇಳಬೇಕು.

ನಾನು ಡಿಪ್ಲೊಮಾ ಮಾಡಿಕೊಂಡೇ ಈ ಕೆಲಸಕ್ಕೆ ಬಂದವನು. 90ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋ ಸೇರಿದೆ. ಒಂದು ಕಾಲದಲ್ಲಿ ಕನ್ನಡ ಸಿನಿಮಾ ಹಾಡು ಅಂದರೆ ಸಂಗೀತ ನಿರ್ದೇಶಕರು ಮದ್ರಾಸಿನ ರೈಲು ಹತ್ತಬೇಕಿತ್ತು. ಶಂಕರ್ ನಾಗ್ ಬೆಂಗಳೂರಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ ಮೇಲೆ ಇಲ್ಲೇ ಒಳ್ಳೆಯ ಕೆಲಸ ಮಾಡಬಹುದು ಅನ್ನೋ ಧೈರ್ಯ ಹಲವರಿಗೆ ಬಂತು. ನಾನು ಬರುವ ಹೊತ್ತಿಗೆ ಭಾವಗೀತೆ, ದಾಸರ ಪದ, ಜನಪದ ಎಲ್ಲವೂ ಊರಲ್ಲೇ ರೆಕಾರ್ಡ್ ಆಗಿ ಕ್ಯಾಸೆಟ್ ಆಗುತ್ತಿದ್ದವು.

ಮೊದಮೊದಲು ವೈರ್ ಸುತ್ತುವುದು, ಮೈಕ್ ಸ್ಟ್ಯಾಂಡ್ ಹಾಕುವುದು, ಟೇಪಿನ ಡಬ್ಬದ ಮೇಲೆ ಹೆಸರು ಬರೆಯುವುದು, ಇಷ್ಟೇ. ಆಮೇಲೆ ಪಂಚ್-ಇನ್ ಮಾಡಲು ಬಿಟ್ಟರು. ಹಾಡುಗಾರರು ಚರಣದ ಒಂದೇ ಸಾಲು ಮತ್ತೆ ಹಾಡುತ್ತೇನೆ ಅಂದರೆ, ಹಿಂದಿನ ಸಾಲಿನ ಉಸಿರು ಮುಗಿದ ತಕ್ಷಣ ರೆಕಾರ್ಡ್ ಒತ್ತಬೇಕು, ಮುಂದಿನ ಸಾಲು ಶುರುವಾಗುವ ಮುಂಚೆ ಬಿಡಬೇಕು. ನಮ್ಮಲ್ಲಿದ್ದದ್ದು ವಿಡಿಯೋ ಟೇಪಿನ ಮೇಲೆ 8 ಟ್ರ್ಯಾಕ್ ಬರೆಯುವ ಎ-ಡ್ಯಾಟ್ ಯಂತ್ರ. ತಪ್ಪು ಜಾಗದಲ್ಲಿ ಒತ್ತಿದರೆ ಹಳೆಯದು ಅಳಿಸಿಹೋಯಿತು, ವಾಪಸ್ ಬರುವುದಿಲ್ಲ. ಸಮದಿಂದ, ಅಂದರೆ ತಾಳದ ಮೊದಲ ಪೆಟ್ಟಿನಿಂದ, ಅರ್ಧ ಎಣಿಕೆ ಬಿಟ್ಟು ಎತ್ತುವ ಪಲ್ಲವಿಯಾದರೆ ತೊಡೆಯ ಮೇಲೆ ತಾಳ ಹಾಕಿಕೊಂಡೇ ಬಟನ್ ಒತ್ತಬೇಕು. ತಾಳ ಗೊತ್ತಿಲ್ಲದ ಇಂಜಿನಿಯರ್‌ಗೆ ಈ ಕೆಲಸ ಬರುವುದೇ ಇಲ್ಲ. ಕಂಪ್ಯೂಟರ್ ಬಂದ ಮೇಲೂ ನನ್ನ ಈ ಅಭಿಪ್ರಾಯ ಬದಲಾಗಿಲ್ಲ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದರೆ ಹೋಮ್ ಸ್ಟುಡಿಯೋ ಮಾಡುವವರು ಇವತ್ತೂ ಇದರಲ್ಲೇ ಬೀಳುತ್ತಿದ್ದಾರೆ.

ದಾಸರ ಪದಗಳ ಒಂದು ಕ್ಯಾಸೆಟ್ಟನ್ನು ಪೂರ್ತಿ ನನ್ನ ಕೈಗೆ ಕೊಟ್ಟರು. ಮೃದಂಗಕ್ಕೆ ಎರಡು ಮೈಕ್ ಇಟ್ಟೆ. ಒಂದು ಬಲಗಡೆಯ ಮುಖಕ್ಕೆ, ಇನ್ನೊಂದು ಎಡಗಡೆಯ ಮುಖವಾದ ತೊಪ್ಪಿಗೆ. ಮಿಕ್ಸ್ ಮಾಡುವಾಗ ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕಿದೆ. ಹೆಡ್‌ಫೋನಿನಲ್ಲಿ ಕೇಳಿದರೆ ಮೃದಂಗ ಎದುರಿಗೇ ಕೂತಂತೆ, ಅಗಲವಾಗಿ, ತುಂಬಾ ಚೆನ್ನಾಗಿತ್ತು. ರಾತ್ರಿಯೆಲ್ಲಾ ಹೆಡ್‌ಫೋನಿನಲ್ಲೇ ಮುಗಿಸಿ ಮಾಸ್ಟರ್, ಅಂದರೆ ಕ್ಯಾಸೆಟ್ ಕಾಪಿ ಮಾಡುವ ಮೂಲ ಟೇಪು, ಕಳಿಸಿದೆ.

ಕ್ಯಾಸೆಟ್ ಬಂತು. ಮೃದಂಗ ನುಡಿಸಿದ ವಿದ್ವಾಂಸರು ಅದನ್ನು ಹಿಡಿದುಕೊಂಡು ಸ್ಟುಡಿಯೋಗೇ ಬಂದರು. 'ನನ್ನ ಎಡಗೈ ಎಲ್ಲಿ ಹೋಯ್ತು?' ಅಂತ ಕೇಳಿದರು. ಸ್ಟುಡಿಯೋ ಸ್ಪೀಕರಿನಲ್ಲಿ ಹಾಕಿದೆ, ತೊಪ್ಪಿ ಇತ್ತು. ಅವರ ಮನೆಯಲ್ಲಿದ್ದದ್ದು ಒಂದೇ ಸ್ಪೀಕರಿನ ಮೋನೊ ಟೇಪ್ ರೆಕಾರ್ಡರ್, ಅಂದರೆ ಎಡ-ಬಲ ಎರಡನ್ನೂ ಕೂಡಿಸಿ ಕೇಳಿಸುವಂಥದ್ದು. ಆಮೇಲೆ ಅಂಥದ್ದೇ ಒಂದು ತರಿಸಿ ಹಾಕಿದೆ. ಬಲಗೈಯ ಪೆಟ್ಟಾದ ಚಾಪು ಟಣ್ ಅಂತ ಕೇಳುತ್ತಿತ್ತು. ಗುಮ್ಕಿ, ಅಂದರೆ ತೊಪ್ಪಿಯ ದಪ್ಪ ಸ್ವರ, ಕೊಡುವ ಜಾಗದಲ್ಲಿ ಖಾಲಿ.

ಆದದ್ದು ಇಷ್ಟು. ತೊಪ್ಪಿಗೆ ಪೆಟ್ಟು ಬಿದ್ದಾಗ ಆ ಚರ್ಮ ಒಳಕ್ಕೆ ಹೋಗುತ್ತದೆ, ಅಂದರೆ ಅದರ ಮುಂದಿನ ಮೈಕಿನಿಂದ ದೂರ. ಒಳಗಿನ ಗಾಳಿ ಒತ್ತಿ ಬಲಗಡೆಯ ಚರ್ಮ ಹೊರಕ್ಕೆ ಬರುತ್ತದೆ, ಅಂದರೆ ಅದರ ಮೈಕಿನ ಕಡೆಗೆ. ಒಂದು ಮೈಕಿಗೆ ಅಲೆ ಕೆಳಗೆ ಹೋದಾಗ ಇನ್ನೊಂದಕ್ಕೆ ಮೇಲೆ. ಎರಡನ್ನೂ ಕೂಡಿಸಿದರೆ ದಪ್ಪ ಸ್ವರ ಒಂದನ್ನೊಂದು ಹೊಡೆದುಹಾಕುತ್ತದೆ. ಹೆಡ್‌ಫೋನಿನಲ್ಲಿ ಎಡದ್ದು ಎಡಗಿವಿಗೆ, ಬಲದ್ದು ಬಲಗಿವಿಗೆ. ಅವು ಎಲ್ಲೂ ಸೇರುವುದೇ ಇಲ್ಲ, ಹಾಗಾಗಿ ತಪ್ಪು ಕಾಣುವುದಿಲ್ಲ. ಕ್ಯಾಸೆಟ್ಟಿನಲ್ಲಿ ಎಡ-ಬಲ ಟ್ರ್ಯಾಕುಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಮೋನೊ ಸೆಟ್ಟಿನ ಹೆಡ್ ಎರಡನ್ನೂ ಒಟ್ಟಿಗೆ ಓದಲಿ ಅಂತಲೇ ಫಿಲಿಪ್ಸ್‌ನವರು ಹಾಗೆ ಮಾಡಿದ್ದು. ಆಗ ಎಷ್ಟೋ ಮನೆಗಳಲ್ಲಿ ಇದ್ದದ್ದು ಅಂಥ ಸೆಟ್ಟೇ. ಮೀಡಿಯಂ ವೇವ್ ಆಕಾಶವಾಣಿಯೂ ಮೋನೊ. ಅಂದರೆ ಕೇಳುಗರಲ್ಲಿ ಬಹಳ ಜನಕ್ಕೆ ಒಂದೇ ಕೈಯ ಮೃದಂಗ ಕೇಳಿಸಿದ್ದೆ.

ಪರಿಹಾರ ಏನು ಗೊತ್ತಾ? ಮಿಕ್ಸ್ ಮಾಡುವ ಕನ್ಸೋಲಿನಲ್ಲಿ ಸೊನ್ನೆಗೆ ಅಡ್ಡ ಗೀಟು ಎಳೆದ ಒಂದು ಬಟನ್ ಇರುತ್ತದೆ, ಅದು ಅಲೆಯನ್ನು ತಲೆಕೆಳಗು ಮಾಡುತ್ತದೆ. ಒಂದು ಮೈಕಿಗೆ ಅದನ್ನು ಒತ್ತಿದ್ದರೆ ಮುಗಿಯುತ್ತಿತ್ತು. ಎಡ-ಬಲ ಕೂಡಿಸಿ ಕೇಳಿಸುವ ಮೋನೊ ಬಟನ್ನೂ ಅಲ್ಲೇ ಇತ್ತು. ಅದನ್ನೊಮ್ಮೆ ಒತ್ತಿ ಕೇಳಿದ್ದರೆ ಆ ರಾತ್ರಿಯೇ ಗೊತ್ತಾಗುತ್ತಿತ್ತು. ಆ ಸರಣಿಯ ಉಳಿದ ಕ್ಯಾಸೆಟ್‌ಗಳು ಬೇರೆ ಸ್ಟುಡಿಯೋಗೆ ಹೋದವು. ಆ ವಿದ್ವಾಂಸರು ಮತ್ತೆ ನನ್ನ ಮೈಕಿನ ಮುಂದೆ ಕೂರಲಿಲ್ಲ. ನನಗೆ ಬಹಳ ಕಾಲ ಜಾಹೀರಾತು, ಡಬ್ಬಿಂಗ್ ಬಿಟ್ಟರೆ ಏನೂ ಸಿಗಲಿಲ್ಲ.

ಅಲೆಗಳು ಹೀಗೆ ಒಟ್ಟಿಗೆ ಏರಿಳಿಯುತ್ತವೋ ಇಲ್ಲವೋ ಅನ್ನುವುದಕ್ಕೆ ಫೇಸ್ (phase) ಅನ್ನುತ್ತಾರೆ. ಅದು ಅಂದರೇನು ಅಂತ ನನಗೆ ಆಗಲೂ ಚೆನ್ನಾಗಿ ಗೊತ್ತಿತ್ತು. ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಅಂಕ ತಗೊಂಡಿದ್ದೆ. ಅದಕ್ಕೇ ಕೋರ್ಸ್ ಒಂದರಿಂದಲೇ ಕೆಲಸ ಬರುತ್ತದೆ ಅಂದರೆ ನಾನು ಒಪ್ಪುವುದಿಲ್ಲ. ಹೋಮ್ ಸ್ಟುಡಿಯೋ ಇನ್ನೂ ಕಷ್ಟ. ಒಬ್ಬರೇ ಇರುತ್ತೀರಿ, ಹೆಡ್‌ಫೋನಿನಲ್ಲೇ ಇರುತ್ತೀರಿ, ಕ್ಯಾಸೆಟ್ ಹಿಡಿದುಕೊಂಡು ಬಂದು ಕೇಳುವವರೇ ಇಲ್ಲ. ಜನ ಫೋನಿನ ಸ್ಪೀಕರಿನಲ್ಲಿ, ಒಂಟಿ ಬ್ಲೂಟೂತ್ ಡಬ್ಬಿಯಲ್ಲಿ ಕೇಳುತ್ತಿದ್ದಾರೆ, ಅಲ್ವಾ? ಮೋನೊ ಎಲ್ಲೂ ಹೋಗಿಲ್ಲ.

ನನ್ನನ್ನು ರಿಪೇರಿ ಮಾಡಿದ್ದು ಸಿನಿಮಾ ಹಾಡುಗಳಲ್ಲಿ ಪಳಗಿದ ಒಬ್ಬ ಹಿರಿಯ ಇಂಜಿನಿಯರ್. ಅವರು ಮೈಕ್ ಇಡುವ ಮುಂಚೆ ವಾದ್ಯದ ಪಕ್ಕ ಕೂತು, ಕಣ್ಣು ಮುಚ್ಚಿ, ತಲೆಯನ್ನು ಆಚೀಚೆ ಸರಿಸುತ್ತಾ ಕೇಳುತ್ತಿದ್ದರು. ಎಲ್ಲಿ ಕಿವಿ ನಿಂತಿತೋ ಅಲ್ಲಿ ಮೈಕ್. ಮಿಕ್ಸ್ ಮಾಡುವಾಗ ಅವರ ಎಡಗೈ ಬೆರಳು ತಾನಾಗೇ ಮೋನೊ ಬಟನಿಗೆ ಹೋಗುತ್ತಿತ್ತು. ಅವರ ಪಕ್ಕ ಕೂತ ಮೇಲೆ ನನ್ನ ಬೆರಳಿಗೂ ಅದು ಬಂತು. ಅದಕ್ಕೆ ಯಾರಿಗೂ ಶುಲ್ಕ ಕಟ್ಟಲಿಲ್ಲ.

ಹಾಗಾಗಿ ಕೆಲಸ ಬಿಡಬೇಡಿ. ದುಡ್ಡು ಬ್ಯಾಂಕಿನಲ್ಲೇ ಇರಲಿ. ವಾರದ ರಜೆಯಲ್ಲಿ ಯಾವುದಾದರೂ ಸ್ಟುಡಿಯೋಗೆ ಹೋಗಿ 'ವೈರ್ ಸುತ್ತುತ್ತೇನೆ, ಕೂರಲು ಬಿಡಿ' ಅಂತ ಕೇಳಿ. ಒಬ್ಬರು ಬೇಡ ಅಂದರೆ ಇನ್ನೊಬ್ಬರು. ಜೊತೆಗೆ ಒಬ್ಬ ಮೇಷ್ಟ್ರ ಹತ್ತಿರ ತಾಳ ಕಲಿಯಿರಿ. ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಕಛೇರಿಗಳಿಗೆ ಹೋಗಿ. ಮನೆಗಳಲ್ಲಿ ನಡೆಯುವ ಸಣ್ಣ ಕಛೇರಿಗಳನ್ನಂತೂ ಬಿಡಲೇಬೇಡಿ. ಮೈಕ್ ಇಲ್ಲದೆ ತಂಬೂರಿ, ಪಿಟೀಲು, ಮೃದಂಗ ಹೇಗಿರುತ್ತವೆ ಅಂತ ಕಿವಿಗೆ ಗೊತ್ತಿಲ್ಲದಿದ್ದರೆ ನೀವು ಮಿಕ್ಸ್ ಮಾಡುವುದು ಯಾವುದಕ್ಕೆ ಹೋಲಿಸಿ?

ಅಷ್ಟಾದ ಮೇಲೂ ಸರ್ಟಿಫಿಕೇಟ್ ಬೇಕು ಅನಿಸಿದರೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ನೋಡಿ, ಅಲ್ಲಿ ಸೌಂಡ್ ಡಿಪ್ಲೊಮಾ ಇದೆ. ಪುಣೆಯ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐಯನ್ನೂ ನೋಡಬಹುದು. ಬಿ.ಕಾಂ. ಓದಿದವರು ಸೇರಬಹುದಾ ಅಂತ ಮಾತ್ರ ಎರಡೂ ಕಡೆ ಮೊದಲೇ ವಿಚಾರಿಸಿ. ಸಾಲ ಮಾಡಿ ಖಾಸಗಿ ಕೋರ್ಸ್ ಸೇರುವುದನ್ನು ಮಾತ್ರ ನಾನು ಯಾರಿಗೂ ಹೇಳಲಾರೆ. ಮೊದಲ ವರ್ಷಗಳ ಸಂಬಳದಲ್ಲಿ ಆ ಕಂತು ಕಟ್ಟಲು ಆಗುವುದಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆ ಒಂದು ಲ್ಯಾಪ್‌ಟಾಪು, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ, ಎರಡು ಮೈಕ್ ಹಾಕಬಹುದಾದ ಸಣ್ಣ ಇಂಟರ್‌ಫೇಸು, ಸಾಕು. ಸಾಫ್ಟ್‌ವೇರ್ ಯಾವುದು ಅಂತಲೂ ಕೇಳಿದ್ದಿರಿ. ರೀಪರ್ ಹಾಕಿಕೊಳ್ಳಿ, 60 ದಿನ ದುಡ್ಡು ಕೊಡದೆ ಬಳಸಿ ನೋಡಬಹುದು. ಎಲ್ಲ ಟ್ರ್ಯಾಕುಗಳೂ ಬಂದು ಸೇರುವ ಅದರ ಮಾಸ್ಟರ್ ಟ್ರ್ಯಾಕಿನಲ್ಲೂ ಒಂದು ಮೋನೊ ಬಟನ್ ಇದೆ.