ಹಳೆಯ ಆಟಿಕೆ ಸೈನಿಕರ ಸಂಗ್ರಹ: ಮೊದಲು ಪುಸ್ತಕ ಕೊಳ್ಳಬೇಕಾ, ಗೊಂಬೆನಾ?

ಮೊದಲು ಪುಸ್ತಕ. ಹೊಸಬರು ದುಡ್ಡು ಕಳೆದುಕೊಳ್ಳೋದು ಹೆಚ್ಚಾಗಿ ಮತ್ತೆ ಬಣ್ಣ ಹಚ್ಚಿದ ಗೊಂಬೆಗಳ ಮೇಲೆ. ಒಳ್ಳೆಯ ಚಿತ್ರಗಳಿರುವ ಪುಸ್ತಕ ಪಕ್ಕದಲ್ಲಿದ್ದರೆ ಮೂಲ ಬಣ್ಣ, ತಳದ ಆಕಾರ, ಕಂಪನಿಯ ಗುರುತು ಹೋಲಿಸಿ ನೋಡಬಹುದು. ಪುಸ್ತಕ ಹಳೆಯದಾದರೂ ಪರವಾಗಿಲ್ಲ. ಅದರಲ್ಲಿನ ಬೆಲೆಪಟ್ಟಿಯನ್ನು ಮಾತ್ರ ನಂಬಬೇಡಿ.

ಇನ್ನು ಗೊಂಬೆಯನ್ನು ಕೈಗೆ ತಗೊಂಡು ತೂಕ ನೋಡಿ, ಹಗುರವಾಗಿದ್ದರೆ ಒಳಗೆ ಟೊಳ್ಳಿರಬಹುದು. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ತಂದಿತು. ಕರಗಿದ ಲೋಹವನ್ನು ಅಚ್ಚಿಗೆ ಸುರಿದು, ಅಂಚು ಗಟ್ಟಿಯಾದ ಕೂಡಲೇ ಉಳಿದದ್ದನ್ನು ಹೊರಗೆ ಬಗ್ಗಿಸುತ್ತಿದ್ದರು. ಲೋಹ ಉಳಿಯಿತು, ಬೆಲೆಯೂ ಇಳಿಯಿತು. ಎಷ್ಟೋ ಗೊಂಬೆಗಳ ಟೊಪ್ಪಿಯ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಕಾಣುತ್ತೆ, ಅದು ಈ ಕೆಲಸದ ಗುರುತೇ. ನಿಂತ ಸೈನಿಕನ ಎತ್ತರ ಸುಮಾರು 54 ಮಿಲಿಮೀಟರ್.

ಮೈಮೇಲೆ ಬೂದು ಪುಡಿ ಎದ್ದಿದ್ದರೆ ಬಿಟ್ಟುಬಿಡಿ, ಸೀಸ ತಿಂದುಹೋಗ್ತಿದೆ ಅಂತ ಅರ್ಥ. ಓಕ್ ಮರದ ಕಪಾಟು ಚಂದ ಕಾಣುತ್ತೆ ನಿಜ, ಆದರೆ ಅದರಿಂದ ಹೊರಬರುವ ಆಮ್ಲದ ಆವಿಯೇ ಸೀಸಕ್ಕೆ ಶತ್ರು. ಗಾಜು, ಲೋಹದ ಕಪಾಟು ವಾಸಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗಂತೂ ಕೊಡಲೇಬೇಡಿ.