ಆಲೆಮನೆ ದಾರಿಗೆ ಸಿಮೆಂಟು, ಹಾರುಬೂದಿ

ಪ್ರಶ್ನೆ: ನಾಲೆ ಬಯಲಿನಲ್ಲಿ ನಮ್ಮ ಆಲೆಮನೆ ಇದೆ. ದಾರಿಯೆಲ್ಲಾ ಜೇಡಿಮಣ್ಣು. ಮಳೆ ಬಿದ್ದರೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೂತುಕೊಳ್ಳುತ್ತೆ. ಎಷ್ಟು ಜಲ್ಲಿ ಸುರಿದರೂ ಮಣ್ಣು ನುಂಗುತ್ತೆ. ಮಣ್ಣಿಗೇ ಸಿಮೆಂಟು, ಹಾರುಬೂದಿ ಕಲಸಿದರೆ ಗಟ್ಟಿಯಾಗುತ್ತಾ? ಹಾರುಬೂದಿ ಬದಲು ನಮ್ಮ ಒಲೆಯ ಬೂದಿಯೇ ಸಾಕಲ್ವಾ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಗಟ್ಟಿಯಾಗುತ್ತದೆ. ಆದರೆ ಒಲೆಯ ಬೂದಿ ಬೇಡ. ಅದರಲ್ಲಿ ಅರೆಬೆಂದ ಸಿಪ್ಪೆ ಜಾಸ್ತಿ. ಚೆಲ್ಲಿದ ಕಬ್ಬಿನಹಾಲೋ ಬೆಲ್ಲದ ಚೂರೋ ಸೇರಿದ್ದರಂತೂ ಕೆಲಸ ಕೆಟ್ಟಿತು, ಸಕ್ಕರೆ ಅಂಶ ಚೂರೇ ಇದ್ದರೂ ಸಿಮೆಂಟು ಸೆಟ್ ಆಗಲು ಸತಾಯಿಸುತ್ತದೆ.

ರಾಯಚೂರಿನಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ (ಫ್ಲೈ ಆ್ಯಶ್) ತನ್ನಿ. ಹಾಗಂತ ಅದೂ ಒಂಟಿಯಾಗಿ ಗಟ್ಟಿಯಾಗುವುದಿಲ್ಲ, ಸುಣ್ಣದ ಅಂಶ ಕಡಿಮೆ. ಸಿಮೆಂಟಿಗೆ ನೀರು ಸೇರಿದಾಗ ಸುಣ್ಣ ಹೊರಬರುತ್ತದಲ್ಲ, ಅದರ ಜೊತೆ ಕೂಡಿ ವಾರಗಟ್ಟಲೆ ನಿಧಾನಕ್ಕೆ ಬಿಗಿಯಾಗುತ್ತಾ ಹೋಗುತ್ತದೆ. ಸಿಮೆಂಟಿನ ದುಡ್ಡು ಉಳಿಸೋಣ ಅಂತ ಸುಮ್ನೆ ಬೂದಿ ಸುರಿದರೆ ಮಳೆಗೆ ರಾಡಿ, ಅಷ್ಟೇ.

ಬೇರು, ಗೊಬ್ಬರ ಇರುವ ಮೇಲ್ಮಣ್ಣು ಅರ್ಧ ಅಡಿ ತೆಗೆದುಬಿಡಿ. ಚೌಳಿಗೆ ಅಂತ ಹಿಂದೆ ಜಿಪ್ಸಂ ಹಾಕಿದ್ದ ಜಾಗವಾದರೆ ಲ್ಯಾಬಿನಲ್ಲಿ ಮಣ್ಣು ನೋಡಿಸದೆ ಕೈ ಹಾಕಬೇಡಿ. ಜಿಪ್ಸಂ ಸಿಮೆಂಟಿನ ಜೊತೆ ಸೇರಿ, ಆಮೇಲೆ ಉಬ್ಬಿ ದಾರಿಯನ್ನೇ ಬಿರಿಸುತ್ತದೆ.

ಜೇಡಿಯಲ್ಲಿ ನಿಜವಾದ ತಲೆನೋವು ಹೆಂಟೆ. ಅದರೊಳಗೆ ಸಿಮೆಂಟು ಹೋಗುವುದಿಲ್ಲ. ರೋಟವೇಟರ್ ಹೊಡೆಸಿ, ತೂಕದಲ್ಲಿ ನೂರಕ್ಕೆ 2–3 ಪಾಲು ಅರಳಿದ ಸುಣ್ಣದ ಪುಡಿ ಬೆರೆಸಿ, ತೇವವಾಗಿಟ್ಟು ಒಂದೆರಡು ದಿನ ಬಿಡಿ. ಅಂಟು ಹೋಗಿ ಮಣ್ಣು ಪುಡಿಯಾಗುತ್ತದೆ. ಆಮೇಲೆ 6–8 ಪಾಲು ಸಿಮೆಂಟು, 10–15 ಪಾಲು ಹಾರುಬೂದಿ. ಅರ್ಧ ಅಡಿ ದಪ್ಪದ 100 ಚದರಡಿಗೆ ಸುಮಾರು 3 ಮೂಟೆ ಸಿಮೆಂಟು ಹಿಡಿಯುತ್ತದೆ, ಉದ್ದದ ದಾರಿಯಾದರೆ ಖರ್ಚು ಮೊದಲೇ ಲೆಕ್ಕ ಹಾಕಿಕೊಳ್ಳಿ. ಗ್ಲೌಸ್ ಹಾಕಿ ಮುಷ್ಟಿಯಲ್ಲಿ ಹಿಂಡಿ ನೋಡಿ: ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. ಸಿಮೆಂಟು ಬಿದ್ದ 2 ಗಂಟೆಯೊಳಗೆ ರೋಲರ್ ಮುಗಿಯಬೇಕು, ಹಾಗಾಗಿ ಇಡೀ ದಾರಿ ಒಂದೇ ಸಲ ಕಲಸಬೇಡಿ. 7 ದಿನ ಒದ್ದೆ ಗೋಣಿತಾಟು ಹೊದಿಸಿ, ಟ್ರ್ಯಾಕ್ಟರ್ ಬಿಡಬೇಡಿ.

ಇಷ್ಟಕ್ಕೆಲ್ಲ ಇಳಿಯುವ ಮುಂಚೆ ಅದೇ ಅಳತೆಯಲ್ಲಿ ನಾಲ್ಕು ಉಂಡೆ ಕಟ್ಟಿ, ಒಂದು ವಾರ ಒದ್ದೆ ಗೋಣಿಯಲ್ಲಿಟ್ಟು, ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿ. ಕರಗಿದರೆ ಸಿಮೆಂಟು ಒಂದೆರಡು ಪಾಲು ಏರಿಸಿ.

ಎರಡೂ ಬದಿ ಬಸಿಗಾಲುವೆ ತೆಗೆಸಿ. ಮೇಲೊಂದು ಪದರ ಜಲ್ಲಿ ಆಗಲೂ ಬೇಕು, ಇಲ್ಲದಿದ್ದರೆ ಟೈರಿಗೆ ಸವೆದುಹೋಗುತ್ತದೆ.