ಎಂಬಿಬಿಎಸ್ ಮೊದಲ ವರ್ಷದ ಅಂಕ ಕಡಿಮೆಯಾದರೆ ಪಿಜಿ (ಸ್ನಾತಕೋತ್ತರ) ಸೀಟಿಗೆ ತೊಂದರೆಯೇ?

ಇಲ್ಲ. ಕಲಬುರಗಿಯ ಜಿಮ್ಸ್‌ನಲ್ಲಿ ಓದಿ, ಬೀದರಿನ ಬ್ರಿಮ್ಸ್‌ನಲ್ಲಿ ಓದಿ, ಪಿಜಿ ಸೀಟು ಸಿಗುವುದು ನೀಟ್ ಪಿಜಿ ಎಂಬ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಮೇಲೆ. ಮೊದಲ ವರ್ಷದ ಅನಾಟಮಿಯಲ್ಲಿ (ದೇಹರಚನೆಯ ಪಾಠ) ಶೇ. 55 ಬಂತೋ 75 ಬಂತೋ, ಆ ಅಂಕ ರ‍್ಯಾಂಕಿಗೆ ಕೂಡುವುದಿಲ್ಲ.

ಆದರೆ ಫೇಲಾಗುವುದು ಬೇರೆ ಮಾತು. ಮೊದಲ ವರ್ಷ ಪಾಸಾಗದೆ ಮುಂದಕ್ಕೆ ಬಿಡುವುದಿಲ್ಲ. ಪೂರಕ ಪರೀಕ್ಷೆಯಲ್ಲೂ ಫೇಲಾದರೆ ಕಿರಿಯರ ಬ್ಯಾಚಿಗೆ ಇಳಿಯಬೇಕು. ಒಟ್ಟು 4 ಅವಕಾಶ ಮಾತ್ರ. ಹಾಜರಾತಿ ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಇರಲೇಬೇಕು, ಇಲ್ಲಿ ಎಡವುವವರೂ ಇದ್ದಾರೆ.

ಅಂಕ ಮರೆತರೂ ಪಾಠ ಮರೆಯುವಂತಿಲ್ಲ. ನೀಟ್ ಪಿಜಿಯ 200 ಪ್ರಶ್ನೆಗಳಲ್ಲಿ ಮೊದಲ ವರ್ಷದ್ದೂ ಇರುತ್ತವೆ. ವಾರ್ಡಿನಲ್ಲಂತೂ ದಿನವೂ ಬೇಕು. ಬೈಕಿನಿಂದ ಬಿದ್ದು ತೋಳಿನ ಮೂಳೆ ನಡುವೆ ಮುರಿದವರಲ್ಲಿ ಕೆಲವರ ಮಣಿಕಟ್ಟು ಜೋತುಬಿದ್ದಿರುತ್ತದೆ, ಮೇಲೆತ್ತಲು ಬರುವುದಿಲ್ಲ. ರೇಡಿಯಲ್ ನರ ಆ ಮೂಳೆಯ ಹಿಂಬದಿಗೆ ಅಂಟಿಕೊಂಡೇ ಸುತ್ತಿ ಇಳಿಯುತ್ತದೆ, ಅದಕ್ಕೆ. ಪಟ್ಟಿ ಕಟ್ಟುವ ಮುಂಚೆಯೇ ಮಣಿಕಟ್ಟು ಎತ್ತಿಸಿ ನೋಡಿ ಕೇಸ್ ಶೀಟಿನಲ್ಲಿ ಬರೆಯಬೇಕು. ಇಲ್ಲವಾದರೆ ನರಕ್ಕೆ ಪೆಟ್ಟಾದದ್ದು ಬಿದ್ದಾಗಲೋ ಮೂಳೆ ಕೂಡಿಸುವಾಗಲೋ ಆಮೇಲೆ ಹೇಳಲಾಗದು. ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ಆ ನರವನ್ನು ಕೈಯಾರೆ ಬಿಡಿಸಿದವರಿಗೆ ಇದು ತಾನಾಗಿ ಹೊಳೆಯುತ್ತದೆ.